ಇನ್ಮೇಲೆ ಯಾರನ್ನ ಕೇಳೋದು?

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಜೂನ್, ಜುಲೈ, ಆಗಸ್ಟ್ ತಿಂಗಳು ನಾನು ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೆ. ಲಂಡನ್ನಿನ ಪಕ್ಕದಲ್ಲೇ ಇರುವ ಸರ್ರೆ ಅನ್ನುವ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಒಂದು ಬೆಳಿಗ್ಗೆ ಮನೆ ಕಂದಾಯದ ಬಿಲ್ಲು ಊಟದ ಮೇಜಿನ ಮೇಲಿತ್ತು. ನಾನು ನಗರಸಭೆಯ ಕಂದಾಯ ಶಾಖೆಯಲ್ಲಿ ಬಹಳ ವರ್ಷ ಕೂತು ಬಂದವನು. ಬಿಲ್ಲು ಕಂಡರೆ ಓದದೆ ಬಿಡುವುದಿಲ್ಲ.

ಬಿಲ್ಲು ಕಳಿಸಿದ್ದು ಊರಿನ ಬರೋ ಕೌನ್ಸಿಲ್. ನಮ್ಮ ನಗರಸಭೆ ಅಂದುಕೊಳ್ಳಿ. ಹಣ ವಸೂಲಿ ಮಾಡುವುದೂ ಅದೇ. ಆದರೆ ಒಳಗೆ ಲೆಕ್ಕ ನೋಡಿದರೆ, ನಾಲ್ಕರಲ್ಲಿ ಸುಮಾರು ಮೂರು ಪಾಲು ಹೋಗುವುದು ಕೌಂಟಿ ಕೌನ್ಸಿಲ್‌ಗೆ. ಇನ್ನೊಂದಷ್ಟು ಪೊಲೀಸರಿಗೆ. ಬಿಲ್ಲು ಕಳಿಸಿದವರಿಗೆ ಉಳಿಯುವುದು ಚೂರೇ ಚೂರು.

"ಅಪ್ಪ, ನಂಗೂ ಇದು ಅರ್ಥ ಆಗಿಲ್ಲ" ಅಂದಳು ಮಗಳು. ಮನೆ ಮುಂದಿನ ಕಸ ಒಯ್ಯುವುದು ಬರೋ. ಹಾಗೆ ಒಯ್ದ ಕಸವನ್ನು ಕೊನೆಗೆ ವಿಲೇವಾರಿ ಮಾಡುವ ಹೊಣೆ ಕೌಂಟಿಯದು. ರಸ್ತೆ ಗುಡಿಸುವವರು ಬರೋದವರು, ಅದೇ ರಸ್ತೆಯ ಗುಂಡಿ ಮುಚ್ಚುವವರು ಕೌಂಟಿಯವರು. ಮನೆ ಕಟ್ಟಲು ಪರವಾನಗಿ ಬೇಕಾದರೆ ಇಲ್ಲಿ, ಮಗುವಿಗೆ ಶಾಲೆ ಬೇಕಾದರೆ ಅಲ್ಲಿ. ಗ್ರಂಥಾಲಯ ಅವರದು, ಈಜುಕೊಳ ಇವರದು.

ಇಂಗ್ಲೆಂಡಿನ ಅರ್ಧದಷ್ಟು ಭಾಗದಲ್ಲಿ ಇವತ್ತಿಗೂ ಹೀಗೆ ಎರಡು ಅಂತಸ್ತಿನ ಆಡಳಿತ ಇದೆ. ಮೇಲೆ 21 ಕೌಂಟಿ ಕೌನ್ಸಿಲ್‌ಗಳು, ಅವುಗಳ ಕೆಳಗೆ 164 ಜಿಲ್ಲಾ ಮತ್ತು ಬರೋ ಕೌನ್ಸಿಲ್‌ಗಳು. ಅಲ್ಲಿ ಜಿಲ್ಲೆ ಅಂದರೆ ಕೌಂಟಿಗಿಂತ ಚಿಕ್ಕದು, ನಮ್ಮ ತಾಲ್ಲೂಕು ಇದ್ದ ಹಾಗೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಒಂದು ಶ್ವೇತಪತ್ರ ಹೊರಡಿಸಿತು. ಈ ಎರಡು ಅಂತಸ್ತು ಬೇಡ, ಎಲ್ಲವನ್ನೂ ಕರಗಿಸಿ ಪ್ರತಿ ಕಡೆಯೂ ಒಂದೇ ಅಂತಸ್ತಿನ ದೊಡ್ಡ ಕೌನ್ಸಿಲ್ ಮಾಡೋಣ ಅಂತ. ಒಂದೊಂದರಲ್ಲೂ 5 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರಲಿ ಅನ್ನುವುದು ಅವರು ಇಟ್ಟುಕೊಂಡ ಅಂದಾಜು. ಇಂಥ ಒಂಟಿ ಕೌನ್ಸಿಲ್‌ಗೆ ಅವರು ಯೂನಿಟರಿ ಅನ್ನುತ್ತಾರೆ.

ಆ ಬಿಲ್ಲು ಓದಿದವರಿಗೆ ಇದು ಸರಿಯಾದ ಮಾತೇ ಅನ್ನಿಸುತ್ತದೆ. ಒಂದೇ ಬಾಗಿಲು, ಒಂದೇ ಕಚೇರಿ, ಒಂದೇ ಲೆಕ್ಕ. ಹಾಗಿದ್ದೂ ನನಗೆ ಪೂರ್ತಿ ಸಮಾಧಾನ ಆಗಲಿಲ್ಲ. ಕಾರಣ ಬೆಂಗಳೂರಿನಲ್ಲಿದೆ.

2007ರ ಜನವರಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸುತ್ತಲಿನ 7 ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿಸಿದರು. ಬಿಬಿಎಂಪಿ ಹುಟ್ಟಿದ್ದು ಹಾಗೆ. ಆ ಏಳರಲ್ಲಿ ಒಂದು ನಗರಸಭೆಯಲ್ಲಿ ನಾನಿದ್ದೆ. ಆ ದಿನಗಳಲ್ಲಿ ಒಬ್ಬರು ಅಜ್ಜಿ ಬಂದರು. ಪ್ರತಿ ವರ್ಷ ತಪ್ಪದೆ ಕಂದಾಯ ಕಟ್ಟುವವರು, ಸೆರಗಿನ ತುದಿಯ ಗಂಟು ಬಿಚ್ಚಿ ನೋಟು ಎಣಿಸಿ ಕೊಡುವವರು. ಬಾಗಿಲ ಮೇಲೆ ಹೊಸ ಬೋರ್ಡು ಬರುತ್ತದೆ ಅಂತ ಯಾರೋ ಹೇಳಿದ್ದರು. ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು. "ಏನೋ ಕೆಟ್ಟರೆ ಇನ್ಮೇಲೆ ಯಾರನ್ನ ಕೇಳೋದು, ಸ್ವಾಮಿ?"

ಅವತ್ತು ಇಡೀ ಬೆಂಗಳೂರಿನಲ್ಲಿ ಚುನಾಯಿತ ಕೌನ್ಸಿಲರ್ ಒಬ್ಬರೂ ಇರಲಿಲ್ಲ. ಹಳೆಯ ಪಾಲಿಕೆಯ ಅವಧಿ ಮುಗಿದಿತ್ತು. ಹೊಸ ಬಿಬಿಎಂಪಿಗೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಮೂರು ವರ್ಷ ಮೀರಿತ್ತು. ಅಜ್ಜಿಗೆ ನಾನು ಕೊಡಬಹುದಾಗಿದ್ದ ಉತ್ತರ ನನ್ನ ಹತ್ತಿರ ಇರಲಿಲ್ಲ.

ಇಂಗ್ಲೆಂಡಿನ ಕ್ರಮ ಇಲ್ಲಿ ನನಗೆ ಹಿಡಿಸಿತು. ಸರ್ರೆ ವಿಷಯವನ್ನೇ ತೆಗೆದುಕೊಳ್ಳಿ. ಅಲ್ಲಿ ಕೌಂಟಿ ಒಂದು, ಕೆಳಗೆ 11 ಬರೋ ಮತ್ತು ಜಿಲ್ಲೆಗಳು, ಒಟ್ಟು 12 ಕೌನ್ಸಿಲ್. ಇವನ್ನು ಎರಡು ಮಾಡುತ್ತೇವೆ ಅಂತ ಸರ್ಕಾರ 2025ರ ಅಕ್ಟೋಬರ್ ಕೊನೆಗೆ ಹೇಳಿತು. ಪೂರ್ವ ಸರ್ರೆ, ಪಶ್ಚಿಮ ಸರ್ರೆ. ಮೊದಲು ಚುನಾವಣೆ, 2026ರ ಮೇನಲ್ಲಿ. ಹೊಸ ಕೌನ್ಸಿಲ್ ಅಧಿಕಾರ ವಹಿಸಿಕೊಳ್ಳುವುದು 2027ರ ಏಪ್ರಿಲ್ 1ಕ್ಕೆ. ನಡುವಿನ ಸುಮಾರು ಒಂದು ವರ್ಷ ಹಳೆಯವರು ಆಡಳಿತ ನಡೆಸುತ್ತಾರೆ, ಗೆದ್ದ ಹೊಸಬರು ಪಕ್ಕದಲ್ಲಿ ಕೂತು ತಯಾರಿ ಮಾಡುತ್ತಾರೆ. ಅದಕ್ಕೆ ಅವರು ನೆರಳು ಕೌನ್ಸಿಲ್ ಅನ್ನುತ್ತಾರೆ. ಮನೆ ಬದಲಾಯಿಸುವ ಮುಂಚೆ ಹೋಗಿ ನೀರು ಬರುತ್ತದಾ, ಒಲೆ ಉರಿಯುತ್ತದಾ ಅಂತ ನೋಡಿಕೊಂಡು ಬರುತ್ತೇವಲ್ಲ, ಹಾಗೆ. ಇದಕ್ಕೋಸ್ಕರ 2025ರ ಮೇನಲ್ಲಿ ನಡೆಯಬೇಕಿದ್ದ ಕೌಂಟಿ ಚುನಾವಣೆಯನ್ನು ಒಂದು ವರ್ಷ ಮುಂದೂಡಿದರು. ಅದು ನನಗೆ ಸರಿ ಕಾಣಲಿಲ್ಲ.

ಇನ್ನು ಹಣದ ವಿಷಯ. ಎಂಟು ಕೌನ್ಸಿಲ್ ಒಂದಾದರೆ ಎಂಟು ಮುಖ್ಯಾಧಿಕಾರಿಗಳ ಬದಲು ಒಬ್ಬರು ಸಾಕು. ಲೆಕ್ಕಪತ್ರ ಶಾಖೆ, ಕಂಪ್ಯೂಟರ್ ವ್ಯವಸ್ಥೆ ಎಲ್ಲ ಒಂದೊಂದೇ. ಇದರಲ್ಲಿ ಉಳಿತಾಯ ಇದೆ, ಸುಳ್ಳಲ್ಲ. ಆದರೆ ಅಲ್ಲಿನ ಕೌನ್ಸಿಲ್‌ಗಳ ಬೆನ್ನು ಮುರಿಯುತ್ತಿರುವುದು ಮುಖ್ಯಾಧಿಕಾರಿಗಳ ಸಂಬಳ ಅಲ್ಲ. ವಯಸ್ಸಾದವರ ಆರೈಕೆ, ವಿಶೇಷ ಅಗತ್ಯ ಇರುವ ಮಕ್ಕಳ ಶಿಕ್ಷಣ, ಇವುಗಳ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಕೌನ್ಸಿಲ್‌ಗಳನ್ನು ಕೂಡಿಸಿದ ಮಾತ್ರಕ್ಕೆ ಹಾಸಿಗೆ ಹಿಡಿದ ವೃದ್ಧರ ಸಂಖ್ಯೆ ಕಡಿಮೆ ಆಗುವುದಿಲ್ಲ, ಅಲ್ವಾ?

ಸಾಮರ್‌ಸೆಟ್‌ನಲ್ಲಿ ಆದದ್ದು ಇದೇ. ಕೌಂಟಿ ಮತ್ತು 4 ಜಿಲ್ಲೆ ಸೇರಿ 2023ರ ಏಪ್ರಿಲ್‌ನಲ್ಲಿ ಒಂದು ಕೌನ್ಸಿಲ್ ಆಯಿತು. ಅದೇ ನವೆಂಬರ್‌ನಲ್ಲಿ ಹೊಸ ಕೌನ್ಸಿಲ್ ಹಣಕಾಸಿನ ತುರ್ತು ಪರಿಸ್ಥಿತಿ ಘೋಷಿಸಿತು. ವಿಲೀನದಿಂದಲೇ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ. ಏರುತ್ತಿದ್ದ ಖರ್ಚು ವಿಲೀನಕ್ಕಾಗಿ ಕಾದು ನಿಲ್ಲಲಿಲ್ಲ, ಅಷ್ಟೆ.

ಹಳೆಯ ಸಾಲದ ಕಥೆ ಬೇರೆಯೇ ಇದೆ. ಪಶ್ಚಿಮ ಸರ್ರೆಗೆ ಸೇರುವ ಬರೋಗಳಲ್ಲಿ ವೋಕಿಂಗ್ ಒಂದು. ಜನಸಂಖ್ಯೆ ಸುಮಾರು ಒಂದು ಲಕ್ಷ. ಊರಿನ ನಡುವೆ ಗಗನಚುಂಬಿ ಕಟ್ಟಡ, ಹೋಟೆಲ್, ಅಂಗಡಿ ಸಾಲು ಕಟ್ಟಲು ಸಾಲ ಮಾಡಿ ಮಾಡಿ, ಬಾಕಿ ಸುಮಾರು 200 ಕೋಟಿ ಪೌಂಡಿಗೆ ಹೋಯಿತು. 2023ರ ಜೂನ್‌ನಲ್ಲಿ ಅಲ್ಲಿನ ಕೌನ್ಸಿಲ್ ಇನ್ನು ಖರ್ಚಿಗೆ ಹಣ ಸಾಲದು ಅಂತ ಕೈಚೆಲ್ಲಿತು. ಒಂದು ಲಕ್ಷ ಜನರ ಊರಿಗೆ ಅಷ್ಟು ಸಾಲ! ಈಗ ಅದೇ ಪಶ್ಚಿಮ ಸರ್ರೆಗೆ ಸೇರುವ ಪಕ್ಕದ ಗಿಲ್ಡ್‌ಫರ್ಡ್‌ನವರು ಕೇಳುತ್ತಾರೆ, ನಾವು ಮಾಡದ ಸಾಲ ನಮ್ಮ ತಲೆಗೆ ಯಾಕೆ ಅಂತ. ಕೂಡುಕುಟುಂಬ ಕಂಡವರಿಗೆ ಈ ಮಾತು ಹೊಸದಲ್ಲ. ಸರ್ಕಾರ 50 ಕೋಟಿ ಪೌಂಡ್ ತಾನೇ ತೀರಿಸುತ್ತೇನೆ ಅಂದಿದೆ. ಉಳಿದದ್ದು ಉಳಿದೇ ಇದೆ.

ದುಡ್ಡಿನ ಮಾತು ಸಾಕು. ನನ್ನನ್ನು ಬಹಳ ಕಾಡಿದ್ದು ರಾಚೆಸ್ಟರ್ ಅನ್ನುವ ಊರಿನ ಕಥೆ.

ಕೆಂಟ್ ಕೌಂಟಿಯಲ್ಲಿ ಮೆಡ್ವೇ ನದಿ ದಂಡೆಯ ಊರು. ಹಳೆಯ ಕೋಟೆ, ಅದರ ಎದುರಿಗೇ ದೊಡ್ಡ ಇಗರ್ಜಿ. 1211ರಿಂದ ಅದಕ್ಕೆ ಸಿಟಿ ಅನ್ನುವ ಪಟ್ಟ ಇತ್ತು. ಇಂಗ್ಲೆಂಡಿನಲ್ಲಿ ಸಿಟಿ ಅನ್ನುವುದು ಊರಿನ ಗಾತ್ರದಿಂದ ಬರುವುದಲ್ಲ, ರಾಜಮನೆತನ ಕೊಡುವ ಗೌರವ. 1998ರಲ್ಲಿ ರಾಚೆಸ್ಟರ್‌ನ ಕೌನ್ಸಿಲನ್ನು ಪಕ್ಕದ ಜಿಲ್ಲಿಂಗ್‌ಹ್ಯಾಮ್ ಜೊತೆ ಸೇರಿಸಿ ಮೆಡ್ವೇ ಅನ್ನುವ ಒಂಟಿ ಕೌನ್ಸಿಲ್ ಮಾಡಿದರು. ಹೀಗೆ ಒಂದು ಊರಿನ ಕೌನ್ಸಿಲ್ ಇಲ್ಲವಾದಾಗ, ಅದರ ಮೇಯರ್ ಪದವಿ, ಅಧಿಕಾರದ ಗುರುತಾದ ದಂಡ, ಹಳೆಯ ಹಕ್ಕುಪತ್ರ ಕಾಯಲು ಚಾರ್ಟರ್ ಟ್ರಸ್ಟಿಗಳು ಅಂತ ಒಂದು ಸಣ್ಣ ಮಂಡಳಿ ನೇಮಿಸಬೇಕು. ಬಾತ್ ಊರಿನಲ್ಲಿ ಅದನ್ನು ಮಾಡಿದರು. ಅಲ್ಲಿ ಇವತ್ತಿಗೂ ಮೇಯರ್ ಇದ್ದಾರೆ. ರಾಚೆಸ್ಟರ್‌ಗೆ ಮಾತ್ರ ಯಾರನ್ನೂ ನೇಮಿಸಲಿಲ್ಲ. ಅಷ್ಟಕ್ಕೇ ಪಟ್ಟ ಹೋಯಿತು. 2002ರಲ್ಲಿ ಅಧಿಕೃತ ಪಟ್ಟಿ ನೋಡಿದಾಗ ಊರಿನ ಹೆಸರೇ ಇರಲಿಲ್ಲ. ಆಗಲೇ ಗೊತ್ತಾಗಿದ್ದು.

ಸುಮಾರು ಎಂಟುನೂರು ವರ್ಷದ ಗೌರವ. ಯಾರೂ ಕಿತ್ತುಕೊಳ್ಳಲಿಲ್ಲ. ಆಡಳಿತ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ, ಇದನ್ನು ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆ ಯಾರೂ ಕೇಳಲಿಲ್ಲ. ನನಗೆ ನಮ್ಮ ಅಜ್ಜಿ ನೆನಪಾದರು.

ರಟ್ಲೆಂಡ್‌ನ ಜನ ಮಾತ್ರ ಬಿಡಲಿಲ್ಲ. ಅದು ಪುಟ್ಟ ಕೌಂಟಿ. 1974ರಲ್ಲಿ ಅದನ್ನು ಲೆಸ್ಟರ್‌ಶೈರ್‌ಗೆ ಸೇರಿಸಿಬಿಟ್ಟರು. 23 ವರ್ಷ ಕಳೆದು 1997ರಲ್ಲಿ ಅದು ಮತ್ತೆ ಸ್ವತಂತ್ರ ಕೌನ್ಸಿಲ್ ಆಯಿತು. ಇವತ್ತಿಗೂ ಅಲ್ಲಿನ ಜನಸಂಖ್ಯೆ ಸುಮಾರು 40 ಸಾವಿರ. ಕಿರಿದರಲ್ಲಿ ಹಿರಿದು ಅನ್ನುವುದು ಅವರ ಧ್ಯೇಯವಾಕ್ಯ. ಈಗ ಬಂದಿರುವ 5 ಲಕ್ಷದ ಅಳತೆಯ ಮುಂದೆ ಅವರು ಮತ್ತೆ ಆತಂಕದಲ್ಲಿದ್ದಾರೆ.

ಹಾಗಾದರೆ ದೊಡ್ಡದು ಬೇಡವೇ? ನಾನು ಹಾಗೆ ಹೇಳಲಾರೆ. ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ನೀರು ತರುವ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ತಡ ಆಯಿತು, ತುಂಬಾ ತಡ ಆಯಿತು. ಆದರೆ ಅಷ್ಟು ದೂರದಿಂದ ನೀರು ತರುವುದು ಒಂದೊಂದು ಹಳ್ಳಿಯ ಕೈಯಲ್ಲಿ ಆಗುವ ಕೆಲಸ ಅಲ್ಲ. ನದಿ ನೀರು, ಬಸ್ಸು, ದೊಡ್ಡ ರಸ್ತೆ, ಇವಕ್ಕೆ ದೊಡ್ಡ ಕೈ ಬೇಕು. ಬೀದಿ ದೀಪ, ಚರಂಡಿ, ಪಾರ್ಕಿನ ಗೇಟು, ಸ್ಮಶಾನದ ಬೇಲಿ, ಇವಕ್ಕೆ ನಡೆದು ಹೋಗಿ ಮುಟ್ಟುವಷ್ಟು ಹತ್ತಿರದಲ್ಲಿ ಒಬ್ಬರು ಬೇಕು. ಮೇಲೆ ದೊಡ್ಡದು ಮಾಡಿ, ಆದರೆ ಅದೇ ದಿನ ಕೆಳಗೂ ಒಂದನ್ನು ಕಟ್ಟಿ. ನನ್ನ ಒತ್ತಾಯ ಇಷ್ಟೇ.

ಇಂಗ್ಲೆಂಡಿನಲ್ಲಿ ಅದಕ್ಕೆ ದಾರಿ ಇದೆ. ನಮ್ಮ ಗ್ರಾಮ ಪಂಚಾಯಿತಿಯ ಹಾಗೆ ಪ್ಯಾರಿಷ್ ಕೌನ್ಸಿಲ್, ಟೌನ್ ಕೌನ್ಸಿಲ್ ಅಂತ ಸುಮಾರು 10,000 ಇವೆ. ಬಸ್ ನಿಲ್ದಾಣದ ತಂಗುದಾಣ, ಊರಿನ ಸಭಾಂಗಣ, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಮೀನು ನೋಡಿಕೊಳ್ಳುತ್ತವೆ. ಈ ವಿಲೀನ ಅವನ್ನು ಮುಟ್ಟುವುದಿಲ್ಲ. ತೊಂದರೆ ಏನಪ್ಪ ಅಂದರೆ, ಅವು ಎಲ್ಲ ಕಡೆ ಇಲ್ಲ. ಹಳ್ಳಿಗಳಲ್ಲಿ ಇವೆ, ಎಷ್ಟೋ ಪಟ್ಟಣಗಳಲ್ಲಿ ಇಲ್ಲ. ಮಗಳು ಇರುವ ಊರಿನಲ್ಲೂ ಇಲ್ಲ. ಬರೋ ಹೋದರೆ ಅವರ ಊರು ಅನ್ನುವ ಹೆಸರಿನಲ್ಲಿ ಒಂದು ಕುರ್ಚಿಯೂ ಉಳಿಯುವುದಿಲ್ಲ.

ನಾನು ಬೆಂಗಳೂರಿಗೆ ವಾಪಸ್ ಬಂದ ಹೊತ್ತಿಗೆ ಇಲ್ಲಿ ತಿರುವುಮುರುವು ನಡೆದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅವರು ಕೂಡಿಸುತ್ತಿದ್ದಾರೆ, ನಾವು ಬಿಡಿಸುತ್ತಿದ್ದೇವೆ. ಬೆಂಗಳೂರಿನ ಕೌನ್ಸಿಲರ್‌ಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಐದು ಪಾಲಿಕೆ ಹುಟ್ಟಿದ ದಿನವೂ ವಾರ್ಡಿಗೆ ಒಬ್ಬರು ಅಂತ ಕೇಳಲು ಯಾರೂ ಇರಲಿಲ್ಲ. ಇದು ನನಗೆ ನೋವಿನ ವಿಷಯ.

ಸರ್ರೆಯಲ್ಲಿ ಹೊಸ ಕೌನ್ಸಿಲ್ ಎರಡಾಗಬೇಕೋ, ಮೂರಾಗಬೇಕೋ ಅಂತ ಸರ್ಕಾರ ಜನರ ಅಭಿಪ್ರಾಯ ಕೇಳಿತ್ತು. ಆಗಸ್ಟ್ 5 ಕೊನೆಯ ದಿನ. ಅದರ ಹಿಂದಿನ ರಾತ್ರಿ ಮಗಳು ಮಕ್ಕಳನ್ನು ಮಲಗಿಸಿ ಲ್ಯಾಪ್‌ಟಾಪ್ ತೆಗೆದು ಕೂತಳು. ನಾನೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡೆ. ಪ್ರಶ್ನೆಗಳಿಗೆಲ್ಲ ಉತ್ತರ ಬರೆದಳು. ಕೊನೆಗೆ, ಇನ್ನೇನಾದರೂ ಹೇಳುವುದಿದೆಯೇ ಅಂತ ಒಂದು ಖಾಲಿ ಜಾಗ ಇತ್ತು.

"ಅಪ್ಪ, ನೀವೇನಾದ್ರೂ ಹೇಳ್ತೀರಾ?" ಅಂದಳು.

ಹೇಳಿದೆ. ನಮ್ಮ ಊರಿನಲ್ಲಿ ಒಂದು ಕಿಟಕಿ ತೆರೆದಿರಲಿ, ಅದರ ಹಿಂದೆ ಒಬ್ಬ ಮನುಷ್ಯ ಕೂತಿರಲಿ, ಆ ಮನುಷ್ಯನಿಗೆ ನಮ್ಮ ಬೀದಿ ಗೊತ್ತಿರಲಿ ಅಂತ. ಮಗಳು ಅದನ್ನು ಇಂಗ್ಲಿಷಿನಲ್ಲಿ ಬರೆದು, ಒಮ್ಮೆ ಓದಿ, ಕಳಿಸಿದಳು.

ನಮಸ್ಕಾರ.