ಎಂಟು ಮಳೆಗಾಲ ತಡೆಯುವ ಗೇಮಿಂಗ್ ಕಂಪ್ಯೂಟರ್

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಮಕ್ಕಳಿದ್ದೀರಿ, ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮ ಇದ್ದಾರೆ. ಮಕ್ಕಳ ಪ್ರಶ್ನೆ ನನಗೆ ಗೊತ್ತು: ಯಾವ ಗ್ರಾಫಿಕ್ಸ್ ಕಾರ್ಡ್? ಹಿಂದಿನ ಸಾಲಿನ ಪ್ರಶ್ನೆಯೂ ಗೊತ್ತು: ಅರವತ್ತು ಸಾವಿರ ಕೊಟ್ಟರೆ ಎಷ್ಟು ವರ್ಷ ಬರುತ್ತೆ? ನಾನು ಹಿಂದಿನ ಸಾಲಿನಿಂದ ಶುರು ಮಾಡುತ್ತೇನೆ. ಮಕ್ಕಳು ಸ್ವಲ್ಪ ತಡ್ಕೊಳ್ಳಿ.

ನಾನು ಗೋಣಿಕೊಪ್ಪಲಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ನನ್ನ ಮೇಜಿಗೆ ಸತ್ತ ಕಂಪ್ಯೂಟರ್‌ಗಳು ವರ್ಷವಿಡೀ ಒಂದೇ ಸಮ ಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಒಂದಷ್ಟು ಬರುತ್ತವೆ. ಜೂನ್, ಜುಲೈನಲ್ಲಿ ಸಾಲುಗಟ್ಟಿ ಬರುತ್ತವೆ. ವಯಸ್ಸಾಗಿ ಸತ್ತದ್ದು ಬಹಳ ಕಡಿಮೆ. ಕರೆಂಟಿಗೆ ಸತ್ತದ್ದು, ತೇವಕ್ಕೆ ಸತ್ತದ್ದು ಜಾಸ್ತಿ. ನೀವು ಯೂಟ್ಯೂಬಿನಲ್ಲಿ ನೋಡುವ ಪಾರ್ಟ್ಸ್ ಪಟ್ಟಿ ಎಲ್ಲೋ ದೊಡ್ಡ ಊರಿನ ಎಸಿ ರೂಮಿಗೆ ಮಾಡಿದ್ದು. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಇಂಚಿಗಿಂತ ಜಾಸ್ತಿ ಮಳೆ ಹೊಯ್ಯುತ್ತದೆ. ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಆ ಪಟ್ಟಿ ಮಾಡಿದವನಿಗೆ ಇದೆಲ್ಲ ಎಲ್ಲಿ ಗೊತ್ತು?

ಹಾಗಾಗಿ ನನ್ನ ಪಟ್ಟಿ ಎಸ್‌ಎಂಪಿಎಸ್‌ನಿಂದ ಶುರುವಾಗುತ್ತದೆ. ಗೋಡೆಯ ಕರೆಂಟನ್ನು ಒಳಗಿನ ಪಾರ್ಟ್‌ಗಳಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ ಇದು. ಒಮ್ಮೆ ನಾನೇ ಇದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಅಕ್ಕನ ಮಗನಿಗೆ ಒಂದು ಕಂಪ್ಯೂಟರ್ ಅಸೆಂಬಲ್ ಮಾಡಿದ್ದೆ. ದುಡ್ಡು ಉಳಿಸೋಣ ಅಂತ ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬಂದ ಎಸ್‌ಎಂಪಿಎಸ್ಸನ್ನೇ ಹಾಕಿದೆ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಮೊದಲ ಮಳೆಗಾಲದಲ್ಲೇ ಒಂದು ಸಂಜೆ ಕರೆಂಟು ಹೋಗಿ ಬಂದು, ಹೋಗಿ ಬಂದು, ಟಪ್ ಅಂತ ಸದ್ದು ಬಂತು. ತಾನು ಹೋಗುವಾಗ ಮದರ್‌ಬೋರ್ಡನ್ನೂ (ಎಲ್ಲ ಪಾರ್ಟ್ ಕೂರುವ ಮುಖ್ಯ ಹಲಗೆ) ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅಕ್ಕ ಇವತ್ತಿಗೂ ಊಟಕ್ಕೆ ಕೂತಾಗ ಅದನ್ನು ಎತ್ತುತ್ತಾಳೆ.

ಆಮೇಲೆ ನಾನು ಲೇಬಲ್ ಸರಿಯಾಗಿ ಓದಿದೆ. ನೀವೂ ಕಲಿತುಕೊಳ್ಳಿ, ಸುಲಭ. ಲೇಬಲ್ಲಿನಲ್ಲಿ 12 ವೋಲ್ಟ್ ಅಂತ ಒಂದು ಕಾಲಂ ಇರುತ್ತದೆ, ಅದರ ಕೆಳಗೆ ಆಂಪಿಯರ್. ಎರಡನ್ನೂ ಗುಣಿಸಿ. ನನ್ನದರಲ್ಲಿ 14 ಆಂಪಿಯರ್ ಇತ್ತು. 12 ಗುಣಿಸು 14, ಅಂದರೆ 168 ವ್ಯಾಟ್. ಇವತ್ತಿನ ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್), ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಬಿಡಿಸುವುದು) ಎರಡೂ ತಮ್ಮ ಕರೆಂಟನ್ನು ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟ್ ಲೈನಿನಿಂದಲೇ ಎಳೆಯುತ್ತವೆ. ಆರ್‌ಟಿಎಕ್ಸ್ 3060 ಕಾರ್ಡ್ ಒಂದಕ್ಕೇ 170 ವ್ಯಾಟ್ ಬೇಕು. 450 ಅಂತ ಬರೆದ ಡಬ್ಬಿ ಒಂದು ಕಾರ್ಡನ್ನೂ ಹೊರಲಾರದು! ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಲೆಕ್ಕ ಹಾಕಿದರೆ ಬರೆದ ವ್ಯಾಟಿನ ಹತ್ತಿರ ಹತ್ತಿರ ಬರಬೇಕು.

80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಸ್ಟಿಕ್ಕರ್ ಇರುತ್ತದಲ್ವಾ, ಅದು ಬಾಳಿಕೆಯ ಗುರುತು ಅಂತ ತುಂಬಾ ಜನ ತಿಳಿದಿದ್ದಾರೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಭಾಗ ಬಿಸಿಯಾಗಿ ಹೋಗದೆ ಕೆಲಸಕ್ಕೆ ಬರುತ್ತದೆ ಅನ್ನುವ ಲೆಕ್ಕ ಅದು, ಅಷ್ಟೇ. ಬಾಳಿಕೆ ತಿಳಿಯಬೇಕಾದರೆ ವಾರಂಟಿ ನೋಡಿ. ಐದು ವರ್ಷ ಕೊಡುವವನು ಒಳಗೆ ಒಳ್ಳೆಯ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಹಾಕಿರುತ್ತಾನೆ, ಇಲ್ಲದಿದ್ದರೆ ಅವನಿಗೇ ನಷ್ಟ. ಕೆಪಾಸಿಟರ್ ಹತ್ತು ಡಿಗ್ರಿ ತಣ್ಣಗಿದ್ದರೆ ಅದರ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಕೈಲೆಕ್ಕ. ನಮ್ಮ ಊರಿನ ಚಳಿಯಿಂದ ಇದೊಂದು ಲಾಭ ಇದೆ ನೋಡಿ.

ಇನ್ನು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವೈರು. ನಿಮ್ಮಲ್ಲಿ ಯಾರಿಗಾದರೂ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಕೈ ಎತ್ತಿ. ನೋಡಿ, ಎಷ್ಟು ಜನ! ಅದು ಕಂಪ್ಯೂಟರಿನ ದೋಷ ಆಗಿರುವುದು ಕಡಿಮೆ. ಎಸ್‌ಎಂಪಿಎಸ್ ಒಳಗೆ ಎರಡು ಚಿಕ್ಕ ಕೆಪಾಸಿಟರ್‌ಗಳು ಲೈನಿನ ಎಲೆಕ್ಟ್ರಿಕಲ್ ಗದ್ದಲವನ್ನು ಭೂಮಿಗೆ ಕಳಿಸಲಿಕ್ಕೆ ಅಂತಲೇ ಇರುತ್ತವೆ, ಅವುಗಳ ಮೂಲಕ ಚೂರು ಕರೆಂಟೂ ಸೋರುತ್ತದೆ. ಮನೆಯಲ್ಲಿ ಅರ್ತಿಂಗ್ ಇಲ್ಲದಿದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ, ತಗಡಿನ ಮೇಲೆ ನಿಲ್ಲುತ್ತದೆ. ಹಳೇ ತೋಟದ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಹಿಂದೆ ಮೂರನೇ ವೈರೇ ಇರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ತರುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಸಿಡಿಲು ಬರುವಾಗ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಇಂಟರ್‌ನೆಟ್ ವೈರ್ ಕೀಳುವುದನ್ನು ಮರೆಯುತ್ತೀರಿ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದೆ, ಅಲ್ಲಿಂದ ಲ್ಯಾನ್ ವೈರ್ ಹಿಡಿದು ಮದರ್‌ಬೋರ್ಡಿಗೆ ಬರುತ್ತದೆ. ಲ್ಯಾನ್ ಪೋರ್ಟ್ ಮಾತ್ರ ಸತ್ತ ಬೋರ್ಡುಗಳು ನನ್ನ ಹತ್ತಿರ ಒಂದು ಚೀಲ ಇವೆ.

ಯುಪಿಎಸ್ ತೆಗೆದುಕೊಳ್ಳುವಾಗ ವಿಎ ನೋಡಬೇಡಿ, ವ್ಯಾಟ್ ನೋಡಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಗೇಮ್ ಸೇವ್ ಮಾಡಿ ಶಟ್‌ಡೌನ್ ಮಾಡಲು ಸಾಕು, ಆಟ ಮುಂದುವರಿಸಲು ಸಾಲದು. ಬ್ಯಾಟರಿ ಎರಡು ಮೂರು ವರ್ಷಕ್ಕೆ ಹೋಗುತ್ತದೆ, ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿ.

ತೇವದ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಕಂಪ್ಯೂಟರನ್ನು ನೆಲದ ಮೇಲಿಟ್ಟರೆ ಅದಕ್ಕೂ ಅದೇ ಗತಿ. ಮೇಜಿನ ಮೇಲಿಡಿ, ಹೊರಗೋಡೆಯಿಂದ ಒಂದು ಗೇಣು ದೂರ ಇಡಿ. ಒಂದು ವಿಚಿತ್ರ ಹೇಳುತ್ತೇನೆ. ದಿನಾ ಆಡುವ ಹುಡುಗನ ಕಂಪ್ಯೂಟರ್‌ಗಿಂತ, ಹಾಸ್ಟೆಲಿಗೆ ಹೋದ ಹುಡುಗನ ಕಂಪ್ಯೂಟರ್ ಬೇಗ ಕೆಡುತ್ತದೆ. ಓಡುವ ಯಂತ್ರ ತನ್ನ ಬಿಸಿಯಲ್ಲೇ ಒಣಗುತ್ತದೆ. ಎರಡು ತಿಂಗಳು ಮುಚ್ಚಿಟ್ಟದ್ದು ತೇವ ಕುಡಿದಿರುತ್ತದೆ, ಸ್ವಿಚ್ ಹಾಕಿದ ಕೂಡಲೇ ಶಾರ್ಟ್. ಅಮ್ಮಂದಿರೇ, ಮಗ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಿ. ಹಾಗಂತ ಇದನ್ನೇ ನೆಪ ಮಾಡಿಕೊಂಡು ಪರೀಕ್ಷೆ ಸಮಯದಲ್ಲಿ ಆಡಬೇಡಿ ಮಕ್ಕಳೇ.

ಈಗ ಮುಂದಿನ ಸಾಲಿಗೆ. ತೋಟದಲ್ಲಿ ಹಳೇ ಕಾಫಿ ಬುಡಕ್ಕೆ ಹೊಸ ತಳಿ ಕಸಿ ಕಟ್ಟುತ್ತೇವಲ್ಲ, ಮದರ್‌ಬೋರ್ಡನ್ನೂ ಹಾಗೇ ನೋಡಿ. ಈ ಬುಡಕ್ಕೆ ನಾಳೆ ಹೊಸ ಪ್ರೊಸೆಸರ್ ಕೂರುತ್ತದಾ? ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರ್ ಬಂತು. ಅವತ್ತು ಬೋರ್ಡ್ ಕೊಂಡ ಅನೇಕರು ಬೋರ್ಡಿನೊಳಗಿನ ಸಾಫ್ಟ್‌ವೇರ್ ಆದ ಬಯಾಸ್ ಅಪ್‌ಡೇಟ್ ಮಾಡಿ 2022ರ ರೈಜೆನ್ 7 5800ಎಕ್ಸ್3ಡಿ ಹಾಕಿಕೊಂಡರು. ಐದು ವರ್ಷದ ಹಳೇ ಬುಡ, ಹೊಸ ಫಸಲು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ 12, 13, 14ನೇ ಜನರೇಷನ್ ನೋಡಿತು. 2024ರಲ್ಲಿ ಇಂಟೆಲ್ ಬೇರೆ ಸಾಕೆಟ್ಟಿಗೆ ಹೋಯಿತು.

ಇವತ್ತು ಕೊಳ್ಳುವವರಿಗೆ ಎಎಂಡಿಯ ಮುಂದಿನ ಸಾಕೆಟ್ ಎಎಂ5 ಒಳ್ಳೆಯದು. 2022ರಲ್ಲಿ ಬಂದದ್ದು, 2027ರ ತನಕ ಮತ್ತು ಅದರಾಚೆಗೂ ನಡೆಸುತ್ತೇವೆ ಅಂತ ಎಎಂಡಿ ಹೇಳಿದೆ. ತೊಂದರೆ ಏನೆಂದರೆ ಅದಕ್ಕೆ ಹೊಸ ತಳಿಯ ಮೆಮೊರಿಯಾದ ಡಿಡಿಆರ್5 ರ‍್ಯಾಮೇ ಬೇಕು, ಅದರ ಬೆಲೆ 2025ರ ಕೊನೆಯಿಂದ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಬಾಚಿಕೊಳ್ಳುತ್ತಿವೆ. ಕೈಯಲ್ಲಿ ಹಳೇ ಡಿಡಿಆರ್4 ರ‍್ಯಾಮ್ ಇದ್ದವರು ಎಎಂ4ನಲ್ಲೇ ರೈಜೆನ್ 5 5600 ಹಾಕಿಕೊಂಡರೆ ನಾನು ಬೈಯುವುದಿಲ್ಲ.

ಎಎಂ5ನ ರೈಜೆನ್ 5 7600ರಲ್ಲಿ ನನಗೆ ಇಷ್ಟವಾಗುವುದು ಒಂದು ಚಿಕ್ಕ ವಿಷಯ: ಒಳಗೇ ಸಣ್ಣ ಗ್ರಾಫಿಕ್ಸ್ ಇದೆ. ದೊಡ್ಡ ಗೇಮ್ ಓಡದು, ಆದರೆ ಕಾರ್ಡ್ ಇಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ. ಈಗ ಕಾರ್ಡ್ ಬಿಟ್ಟು ಉಳಿದದ್ದೆಲ್ಲ ಕೊಳ್ಳಿ, ಕಾಫಿ ದುಡ್ಡೋ ಕಾಳುಮೆಣಸಿನ ದುಡ್ಡೋ ಬಂದ ಮೇಲೆ ಕಾರ್ಡ್ ತನ್ನಿ. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರಿನಲ್ಲಿ ಈ ಸೌಲಭ್ಯ ಇಲ್ಲ.

ಕಾರ್ಡ್ ಎಷ್ಟು ದೊಡ್ಡದು ಬೇಕು? ಪ್ಲೇಸ್ಟೇಷನ್ 5 ನೋಡಿ. 2020ರದು, ಎಂಟು ಕೋರ್, ಒಟ್ಟು 16 ಜಿಬಿ ಮೆಮೊರಿ. ದೊಡ್ಡ ಗೇಮ್ ಮಾಡುವವರು ಅದರಲ್ಲಿ ಓಡುವ ಹಾಗೆ ಮಾಡುತ್ತಾರೆ. ಅದರ ಜೊತೆಗೆ ಹೆಜ್ಜೆ ಹಾಕುವ ಕಾರ್ಡ್ ಇದ್ದರೆ ನಿಮ್ಮನ್ನು ಅವರು ಬಿಟ್ಟು ಹೋಗುವುದಿಲ್ಲ. 1080ಪಿ (ಸಾಮಾನ್ಯ ಫುಲ್ ಎಚ್‌ಡಿ) ಮಾನಿಟರಿಗೆ 8 ಜಿಬಿ ಮೆಮೊರಿಯ ಕಾರ್ಡ್ ಇವತ್ತು ನಡೆಯುತ್ತದೆ. ಎಂಟು ವರ್ಷದ ಮಾತಾದರೆ ನಾನು 12 ಜಿಬಿ ಅನ್ನುತ್ತೇನೆ. ಇಂಟೆಲ್ ಆರ್ಕ್ ಬಿ580ರಲ್ಲಿ ಅಷ್ಟಿದೆ, ಹಳೇ ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿಯಲ್ಲೂ ಇದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ, ಅರ್ಧ ಗಂಟೆ ಗೇಮ್ ಓಡಿಸಿ ನೋಡದೆ ದುಡ್ಡು ಕೊಡಬೇಡಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಡಿಜಿಟಲ್ ಹಣ ಗಳಿಸುವುದು) ನಿಂತಾಗ ಹಗಲು ರಾತ್ರಿ ದುಡಿದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು. ಅವು ಈಗಲೂ ಕೈ ಬದಲಾಯಿಸುತ್ತಿವೆ.

ಗೇಮ್‌ಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿ 1 ಟಿಬಿ ಹಾಕಿ. ಒಂದೊಂದು ಗೇಮ್ ನೂರು ಜಿಬಿ ದಾಟುತ್ತದೆ, ನಮ್ಮ ಊರಿನ ಇಂಟರ್‌ನೆಟ್ಟಿನಲ್ಲಿ ಅಳಿಸಿ ಮತ್ತೆ ಇಳಿಸುವುದು ವಾರದ ಕೆಲಸ. ರ‍್ಯಾಮ್ ಒಂದೇ ಕಡ್ಡಿಗಿಂತ ಎರಡು ಕಡ್ಡಿ ವೇಗ. ಲೈಟು ಮಿಣುಕುವ ಗಾಜಿನ ಕ್ಯಾಬಿನೆಟ್ ಸುಮ್ನೆ ದಂಡ. ಮುಂದೆ ಜಾಲರಿ, ಧೂಳಿನ ಫಿಲ್ಟರ್ ಇದ್ದರೆ ಸಾಕು.

ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರೋಡಿಗೇ ಹೋಗಿ ತರುತ್ತೀರಾದರೆ ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಬೋರ್ಡಿಗೆ ಹಾಕಿಸಿಕೊಂಡು ಬಸ್ಸು ಹತ್ತಬೇಡಿ, ಅದರ ಭಾರಕ್ಕೆ ಸ್ಲಾಟ್ ಮುರಿಯುತ್ತದೆ. ಬಿಚ್ಚಿ, ಡಬ್ಬಿಯಲ್ಲಿಟ್ಟು ತನ್ನಿ.

ಹೊರಗೆ ಕಾಫಿ ಇಟ್ಟಿರುವ ಮೇಜಿನ ಪಕ್ಕ ನಾಲ್ಕು ಸತ್ತ ಎಸ್‌ಎಂಪಿಎಸ್ ಇಟ್ಟಿದ್ದೇನೆ. ಅಕ್ಕನ ಮಗನದ್ದೂ ಅದರಲ್ಲಿದೆ. ಲೇಬಲ್ ಓದಿ, ಗುಣಿಸಿ, ಯಾವುದು ಎಷ್ಟು ಸುಳ್ಳು ಹೇಳುತ್ತದೆ ಅಂತ ನನಗೆ ಬಂದು ಹೇಳಿ. ಇವನ್ನು ಮುಟ್ಟಬಹುದು, ತೂಗಿ ನೋಡಬಹುದು. ಮನೆಯಲ್ಲಿರುವುದನ್ನು ಮಾತ್ರ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟ್ ಕೂತಿರಬಹುದು.