ವೇಸೈಡ್ ಇನ್: ಕ್ರಯಪತ್ರದಲ್ಲಿ ಸಿಗದ 36 ವರ್ಷ

ಅಮೆರಿಕದ ಬಾಸ್ಟನ್‌ನಿಂದ ಪಶ್ಚಿಮಕ್ಕೆ ಸುಮಾರು 20 ಮೈಲಿ ಬಂದ್ರೆ ಸಡ್ಬರಿ ಅನ್ನೋ ಊರು. ಈಗ ನೋಡ್ತಿರೋದು ಅಲ್ಲಿನ ವೇಸೈಡ್ ಇನ್ ಅನ್ನೋ ಹಳೇ ಛತ್ರ. ‘1716ರ ಛತ್ರ’ ಅಂತಾರಲ್ಲ, ಅದು ಕಟ್ಟಡದ ವಯಸ್ಸಲ್ಲ, ಲೈಸೆನ್ಸಿನ ವಯಸ್ಸು. ಡೇವಿಡ್ ಹೌ ಅನ್ನೋರು ಎರಡು ಕೋಣೆ ಮನೆ ಕಟ್ಟಿದ್ದು 1707ರ ಹೊತ್ತಿಗೆ. ಅತಿಥಿಗಳಿಗೆ ಊಟ, ಹಾಸಿಗೆ ಕೊಡೋಕೆ ಅನುಮತಿ ಸಿಕ್ಕಿದ್ದು 1716ರಲ್ಲಿ.

ಅಲ್ಲಿಂದ ಮುಂದೆ ನಾಲ್ಕು ತಲೆಮಾರು ಹೌ ಮನೆತನದ್ದೇ: ಡೇವಿಡ್, ಎಝೀಕಿಯಲ್, ಆಡಮ್, ಲೈಮನ್. ಎಝೀಕಿಯಲ್ ಕಾಲದಲ್ಲಿ ಇದರ ಹೆಸರು ರೆಡ್ ಹಾರ್ಸ್.

ಇಂಥ ಮನೆಯ ಮಾಲೀಕತ್ವ ಹುಡುಕೋದು ಹೇಗೆ? ನಮ್ಮಲ್ಲಿ ಮೂಲಪತ್ರ, ಇಸಿ ತೆಗೆಸೋ ಹಾಗೇ, ಈಗಿನ ಮಾಲೀಕರಿಂದ ಹಿಂದಕ್ಕೆ ಹೋಗಬೇಕು. ಸಡ್ಬರಿಯ ಪತ್ರಗಳು ಕೇಂಬ್ರಿಜ್‌ನಲ್ಲಿರೋ ಮಿಡಲ್‌ಸೆಕ್ಸ್ ದಕ್ಷಿಣ ರಿಜಿಸ್ಟ್ರಿಯಲ್ಲಿ, ಅಂದ್ರೆ ಆಸ್ತಿಪತ್ರಗಳ ನೋಂದಣಿ ಕಚೇರಿಯಲ್ಲಿ ಇವೆ. ಅಲ್ಲಿ ಸೂಚಿಗಳು ಎರಡು: ಕೊಂಡವರದ್ದೊಂದು, ಮಾರಿದವರದ್ದೊಂದು. ಮೊದಲು ಕೊಂಡವರ ಸೂಚಿಯಲ್ಲಿ ಹೆಸರು ಹಿಡೀರಿ, ಪುಸ್ತಕ ಮತ್ತು ಪುಟದ ನಂಬರ್ ಬರ್ಕೊಳ್ಳಿ, ಪತ್ರದಲ್ಲಿ ಮಾರಿದವರು ಯಾರು ಅಂತ ನೋಡಿ, ಆಮೇಲೆ ಅವರು ಯಾವಾಗ ಕೊಂಡ್ರು ಅಂತ ಮತ್ತೆ ಹುಡುಕಿ. ಹೌ ಅನ್ನೋ ಹೆಸರನ್ನ ಇಂಗ್ಲಿಷಿನಲ್ಲಿ Howe ಅಂತ ಬರೀತಾರೆ, ಆ ಕೊನೆಯ ‘ಇ’ ಅಕ್ಷರ ಹಳೇ ಕಾಗದಗಳಲ್ಲಿ ಎಷ್ಟೋ ಕಡೆ ಇರಲ್ಲ. ಎರಡೂ ಬಗೆಯಲ್ಲಿ ಹುಡುಕಿ.

ಈ ಸರಪಳಿ ತಪ್ಪೋದು 1861ರಲ್ಲಿ. ಲೈಮನ್ ಮದುವೆಯಾಗದೆ ತೀರ್ಕೊಂಡ್ರು, ಆಸ್ತಿ ಸಂಬಂಧಿಕರಿಗೆ ಹೋಯ್ತು. ಯಾರೂ ಮಾರಿಲ್ಲ, ಹಾಗಾಗಿ ಕ್ರಯಪತ್ರವೇ ಇಲ್ಲ. ನಮ್ಮ ಪೌತಿ ಖಾತೆ ಕಥೆಯೇ ಅನ್ನಿ. ಆಗ ನೋಡಬೇಕಾದ್ದು ರಿಜಿಸ್ಟ್ರಿ ಅಲ್ಲ, ಉಯಿಲು, ವಾರಸುದಾರಿಕೆ ನೋಡೋ ಪ್ರೊಬೇಟ್ ಕೋರ್ಟಿನ ಕಡತ. 1897ರವರೆಗೂ ಇಲ್ಲಿ ಬಾಡಿಗೆ ರೈತರು ಇದ್ರು, ನೃತ್ಯದ ಹಾಲ್ ಮಾತ್ರ ಆಗಾಗ ಬಾಡಿಗೆಗೆ ಹೋಗ್ತಿತ್ತು. ರಾತ್ರಿ ತಂಗೋ ಪ್ರಯಾಣಿಕರಿಲ್ಲ. ‘ಅಂದಿನಿಂದ ಇಂದಿನವರೆಗೆ ಎಡೆಬಿಡದೆ ನಡೆದ ಛತ್ರ’ ಅನ್ನೋರ ಮಾತು ನಿಲ್ಲದೇ ಇರೋದು ಇದಕ್ಕೇ.

ತಮಾಷೆ ಅಂದ್ರೆ, ಮನೆಯ ಈಗಿನ ಹೆಸರಿನ ಮೂಲವೂ ಈ ಖಾಲಿ ಕಾಲದ್ದೇ. ಕವಿ ಲಾಂಗ್‌ಫೆಲೋ 1862ರಲ್ಲಿ ಬಂದು ಹೋದ್ರು, 1863ರಲ್ಲಿ ‘ಟೇಲ್ಸ್ ಆಫ್ ಎ ವೇಸೈಡ್ ಇನ್’ ಬಂತು. 1897ರಲ್ಲಿ ಕೊಂಡ ಉಣ್ಣೆ ವ್ಯಾಪಾರಿ ಎಡ್ವರ್ಡ್ ಲೆಮನ್ ಆ ಹೆಸರನ್ನೇ ಬೋರ್ಡಿಗೆ ಹಾಕಿದ್ರು. ಲೆಮನ್ ತೀರ್ಕೊಂಡ ಮೇಲೆ ಅವರ ಪತ್ನಿ 1923ರಲ್ಲಿ ಮಾರಿದ್ದು ಕಾರಿನ ಹೆನ್ರಿ ಫೋರ್ಡ್‌ಗೆ. ಫೋರ್ಡ್ ಬರೀ ಛತ್ರಕ್ಕೆ ನಿಲ್ಲಲಿಲ್ಲ. ಸುತ್ತ ಸುಮಾರು 3000 ಎಕರೆ ಸೇರಿಸಿದ್ರು, 1929ರಲ್ಲಿ ಹಿಟ್ಟಿನ ಗಿರಣಿ ಕಟ್ಟಿಸಿದ್ರು, ಲಾರಿ-ಕಾರುಗಳ ಅದುರಿಗೆ ಹಳೇ ಮನೆ ಹಾಳಾಗುತ್ತೆ ಅಂತ ಹೆದ್ದಾರಿಯನ್ನೇ ಪಕ್ಕಕ್ಕೆ ಸರಿಸಿದ್ರು. ಜಗತ್ತಿಗೆ ಕಾರು ಮಾರಿದವರೇ!

1940ರ ದಶಕದಲ್ಲಿ ಆಸ್ತಿ ಲಾಭರಹಿತ ಟ್ರಸ್ಟಿಗೆ ಹೋಯ್ತು. ಖಾಸಗಿ ಮಾಲೀಕರಲ್ಲಿ ಫೋರ್ಡೇ ಕೊನೆಯವರು.

ಇನ್ನೊಂದು: 1955ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋಯ್ತು. ಫೋರ್ಡ್ ಫೌಂಡೇಶನ್ ಹಣದಿಂದ ದುರಸ್ತಿಯಾಗಿ 1958ರಲ್ಲಿ ಮತ್ತೆ ಬಾಗಿಲು ತೆರೀತು. ಒಳಗೆ ಹೋದಾಗ ಪ್ರತಿ ತೊಲೆಯನ್ನೂ 18ನೇ ಶತಮಾನದ್ದು ಅಂದ್ಕೋಬೇಡಿ.