ಕೆಳಗಿನ ಹಲ್ಲಿನ ಸೆಟ್ಟು: ಒತ್ತಡ ಎಲ್ಲಿಗೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ. ಕೆಳಗಿನ ಹಲ್ಲಿನ ಸೆಟ್ಟು ಹಾಕಿಕೊಂಡವರಿಗೆ ಗೊತ್ತು, ಅದು ಮೇಲಿನದರ ಹಾಗೆ ಗಟ್ಟಿಯಾಗಿ ಕೂರುವುದಿಲ್ಲ. ನಾಲಿಗೆ ಆಡಿಸಿದರೆ ಸಾಕು, ಎದ್ದುಬಿಡುತ್ತದೆ. ಅದಕ್ಕೇ ದವಡೆಯ ಮುಂಭಾಗದಲ್ಲಿ ಮೂಳೆಯೊಳಗೆ ಎರಡು ಟೈಟಾನಿಯಂ ಇಂಪ್ಲಾಂಟ್, ಅಂದರೆ ಸಣ್ಣ ಲೋಹದ ತಿರುಪು, ಕೂರಿಸಿ, ಪ್ರೆಸ್ ಬಟನ್ ಒತ್ತಿದ ಹಾಗೆ ಸೆಟ್ಟನ್ನು ಸಿಕ್ಕಿಸುತ್ತೇವೆ. ಹಲ್ಲೇ ಇಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಲಿ ಎಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದರು.

ಸರಿ, ಸೆಟ್ಟನ್ನು ಯಾವುದರಿಂದ ಮಾಡಬೇಕು? 'ಗಟ್ಟಿ ಯಾವುದು ಡಾಕ್ಟ್ರೇ' ಅಂತಲೇ ಎಲ್ಲರೂ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆ ಬಿಡಿ. ಅಗಿಯುವಾಗ ಒತ್ತಡ ಎಲ್ಲಿಗೆ ಹೋಗುತ್ತದೆ, ಅದನ್ನು ಕೇಳಿ.

ಒಬ್ಬ ಹಿರಿಯರು ಮುರಿದ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಹಿಂದೆಯೂ ಮುರಿದು, ಅಂಟಿಸಿದ್ದು. ಇನ್ನೂ ಗಟ್ಟಿ ಅಕ್ರಿಲಿಕ್, ಅಂದರೆ ಸೆಟ್ಟು ಮಾಡುವ ಪ್ಲಾಸ್ಟಿಕ್, ಹಾಕಿ ಅಂತ ಅವರ ಹಟ. ನಾನು ತುಂಡನ್ನು ತಿರುಗಿಸಿ ತೋರಿಸಿದೆ. ಇಂಪ್ಲಾಂಟಿನ ತಲೆ ಕೂರಲೆಂದು ಕೊರೆದ ಗುಳಿಯ ಮೇಲೆ ಅಕ್ರಿಲಿಕ್ ತೀರಾ ತೆಳ್ಳಗಿತ್ತು. ಬಿರುಕು ಅಲ್ಲಿಂದಲೇ ಹೊರಟಿತ್ತು. ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿದೆ. ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಅಂದರೆ ಹೆದರಬೇಡಿ. ದವಡೆ, ಒಸಡು, ಇಂಪ್ಲಾಂಟ್, ಸೆಟ್ಟು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸಾವಿರಾರು ಸಣ್ಣ ತುಣುಕು ಮಾಡಿ, ಯಾವುದು ಎಷ್ಟು ಬಿಗಿ, ಅಂದರೆ ಎಷ್ಟು ಬಾಗದೆ ನಿಲ್ಲುತ್ತದೆ ಅಂತ ತಿಳಿಸಿ, ಹಲ್ಲಿನ ಮೇಲೆ ಭಾರ ಹಾಕುವುದು. ಒತ್ತಡ ಜಾಸ್ತಿ ಇದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ನೀಲಿ. ಅವರ ಸೆಟ್ಟಿನಲ್ಲಿ ಆ ಗುಳಿಯ ಸುತ್ತಲೇ ಕೆಂಪು! ಕೈಯಲ್ಲಿದ್ದ ಬಿರುಕನ್ನೂ ತೆರೆಯನ್ನೂ ಅವರು ಮತ್ತೆ ಮತ್ತೆ ನೋಡಿದರು. ಒಳಗೊಂದು ಕೋಬಾಲ್ಟ್-ಕ್ರೋಮಿಯಂ ಚೌಕಟ್ಟು ಇಟ್ಟು ತೋರಿಸಿದೆ. ಅಕ್ರಿಲಿಕ್ಕಿನ ಕೆಂಪು ಇಳಿಯಿತು. ಭಾರವನ್ನು ಲೋಹ ಹೊತ್ತುಕೊಂಡಿತ್ತು.

ಏಕೆ ಅಂದರೆ, ಅಕ್ರಿಲಿಕ್ಕಿನ ಬಿಗಿತ ಸುಮಾರು 2ರಿಂದ 3 ಗಿಗಾಪಾಸ್ಕಲ್. ಬಿಗಿತ ಅಳೆಯುವ ಮಾನ ಅದು. ಆ ಲೋಹದ್ದು 200ಕ್ಕೂ ಮೇಲೆ. ಬಾಗದ್ದು ಭಾರ ಹಂಚುತ್ತದೆ, ಬಾಗುವುದು ಇಂಪ್ಲಾಂಟಿನ ಮೇಲೆ ಮಣಿದು ಅಲ್ಲೇ ಬಿರಿಯುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಒತ್ತಡ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಮೂಳೆಯಲ್ಲೂ ಅಷ್ಟೇ, ಇಂಪ್ಲಾಂಟಿನ ಕುತ್ತಿಗೆಯ ಸುತ್ತ ಅದು ಗುಂಪುಗೂಡುತ್ತದೆ.

ಸಮಯ ಆಗುತ್ತಾ ಬಂತು. ಲೋಹದ ಬದಲು ಪೀಕ್ ಎಂಬ ಪ್ಲಾಸ್ಟಿಕ್ಕಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಹಗುರ, ನಿಜ. ಆದರೆ ಮೂಳೆಯಷ್ಟೇ ಬಿಗಿ ಅಂತ ಸುಮ್ನೆ ಹೇಳುತ್ತಾರಲ್ವಾ, ಅದನ್ನು ನಂಬಬೇಡಿ. ಮೂಳೆಯ ಹೊರಪದರ 14 ಗಿಗಾಪಾಸ್ಕಲ್ ಆಸುಪಾಸು, ಸಾದಾ ಪೀಕ್ ಬರೀ 4. ಹೊಸ ಸೆಟ್ಟಿಗೆ ಅಳತೆ ಕೊಡುವ ದಿನವೇ ಕೇಳಿ: ಗುಳಿಯ ಮೇಲೆ ಎಷ್ಟು ದಪ್ಪ ಉಳಿಯುತ್ತದೆ? ಒಳಗೆ ಚೌಕಟ್ಟು ಇರುತ್ತದಾ? ನಮಸ್ಕಾರ.